ಗೂನಜ್ಜಿಯ ಕೆಳಗೆ ವಿಶ್ವನಾಥ

ಮೊಬೈಲು ಮೂರನೇ ಸಲ ಬಡಿದುಕೊಳ್ಳುವುದರೊಳಗೆ ಎತ್ತದಿದ್ದರೆ ವಿಶ್ವನಾಥನಿಗೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ. ಎರಡು ವರ್ಷದ ಮಟ್ಟಿಗೆಂದು ಬೆಂಗಳೂರಿನಿಂದ ನೈರೋಬಿಗೆ ಬಂದವನು ಹದಿನಾರು ವರ್ಷವಾದರೂ ಸೌತ್ ಸಿ ಬಡಾವಣೆಯ ಅದೇ ಮನೆಯಲ್ಲಿದ್ದಾನೆ, ಅದೇ ಕೆಲಸದಲ್ಲಿದ್ದಾನೆ. ದೇಶದ ಯಾವ ಮೂಲೆಯಲ್ಲಿ ಯಾವ ಮೊಬೈಲ್ ಟವರು ಮಲಗಿದರೂ ಮೊದಲ ಫೋನು ಬರುವುದು ಅವನಿಗೆ. ಬಚ್ಚಲಲ್ಲಿದ್ದರೆ ಸೋಪಿನ ಕೈಯಲ್ಲೇ ಎತ್ತುತ್ತಾನೆ. ಸತ್ಯನಾರಾಯಣ ಪೂಜೆಗೆ ಕೂತಿದ್ದರೆ ಬಲಗೈಯಲ್ಲಿ ಅಕ್ಷತೆ, ಎಡಗೈಯಲ್ಲಿ ಫೋನು. ಇದನ್ನು ಅವನು ಕರ್ತವ್ಯ ಎನ್ನುತ್ತಾನೆ. ಹೆಂಡತಿ ಶೈಲಜಾ ಮೊದಮೊದಲು ಇದಕ್ಕೆ ಬೇರೆ ಹೆಸರುಗಳನ್ನು ಇಟ್ಟು ಬೈಯುತ್ತಿದ್ದಳು, ಆಮೇಲೆ ಬಿಟ್ಟಳು. ಹೆಂಡತಿ ಬೈಯುವುದನ್ನು ಬಿಟ್ಟಳೆಂದರೆ ಗಂಡನಾದವನು ಹೆದರಬೇಕು. ನಮ್ಮ ವಿಶ್ವನಾಥನಿಗೆ ಹೆದರಿಕೆ ಹುಟ್ಟಲು ಎರಡು ವರ್ಷ ಹಿಡಿಯಿತು.

ಶೈಲಜಾಗೆ ಐವತ್ತೊಂದು. ಪಂಗಾನಿಯ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಮಗಳು ಪ್ರಣತಿ ಕಾಲೇಜಿಗೆಂದು ಮನೆ ಬಿಟ್ಟ ವರ್ಷ ಶಾಲೆಯ ಮಕ್ಕಳನ್ನು ಹತ್ತುವ ಗೋಡೆಯಿರುವ ಜಿಮ್ಮಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು, ಟೀಚರ್ ನೀವು ಹತ್ತಲ್ವಾ, ಎಂದು ಕೇಳಿದಳಂತೆ. ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಇವಳು ದುಪಟ್ಟಾ ಸೊಂಟಕ್ಕೆ ಬಿಗಿದು ಹತ್ತಿಯೇಬಿಟ್ಟಳು. ಅಂದು ಹಿಡಿದ ಹುಚ್ಚು ಇವತ್ತಿಗೂ ಇಳಿದಿಲ್ಲ. ಬೋಲ್ಡರಿಂಗ್ ಎನ್ನುತ್ತಾರೆ ಅದಕ್ಕೆ. ಹಗ್ಗವಿಲ್ಲ, ಕೊಕ್ಕೆಯಿಲ್ಲ, ಎರಡಾಳೆತ್ತರದ ಬಂಡೆಯನ್ನು ಬರಿಗೈಯಲ್ಲಿ ಹತ್ತುವ ಆಟ. ಕೆಳಗೆ ಒಂದು ದಪ್ಪ ಹಾಸಿಗೆ. ಬೀಳುವವರು ಹಾಸಿಗೆಯ ಮೇಲೇ ಬೀಳುವಂತೆ, ತಲೆ ಕಲ್ಲಿಗೆ ಬಡಿಯದಂತೆ, ಎರಡೂ ಕೈ ಮೇಲೆತ್ತಿ ಕಾಯುತ್ತಾ ನಿಲ್ಲುವುದಕ್ಕೆ ಒಬ್ಬ ಮನುಷ್ಯ. ಮೈಸೂರಿನಲ್ಲಿರುವ ವಿಶ್ವನಾಥನ ಅಮ್ಮ ಇದನ್ನೆಲ್ಲ ಫೋನಿನಲ್ಲಿ ಕೇಳಿಸಿಕೊಂಡು, "ಯಾಕೋ, ಅಲ್ಲಿ ಮೆಟ್ಟಿಲು ಮಾಡ್ಸಿಲ್ವೇನೋ?" ಎಂದು ವಿಚಾರಿಸಿದ್ದರು.

ಆ ಕಾಯುವ ಮನುಷ್ಯ ಮೊದಲು ವಿಶ್ವನಾಥನೇ ಆಗಿದ್ದ. ಎರಡು ವರ್ಷದ ಹಿಂದೆ ಇದೇ ಜುಲೈ ತಿಂಗಳಲ್ಲಿ, ನ್ಯಾನ್ಯುಕಿಯ ಆಚೆ ಬೆಟ್ಟದ ಬುಡದಲ್ಲಿರುವ ಒಂದು ರಾಂಚಿಗೆ, ಅಂದರೆ ದನ ಮೇಯಿಸುವ ದೊಡ್ಡ ಜಮೀನಿಗೆ, ಇಬ್ಬರೂ ಟೆಂಟು ಕಟ್ಟಿಕೊಂಡು ಹೋಗಿದ್ದರು. ಅಲ್ಲಿ ಒಂದು ಬಂಡೆಯಿದೆ. ಮೇಲ್ಭಾಗ ಮುಂದಕ್ಕೆ ಬಾಗಿ ಬೆನ್ನು ಉಬ್ಬಿಕೊಂಡಿರುವುದರಿಂದ ಶೈಲಜಾ ಅದಕ್ಕೆ ಗೂನಜ್ಜಿ ಎಂದು ಹೆಸರಿಟ್ಟಿದ್ದಳು. ಗೂನಿನವರೆಗೆ ಹತ್ತುವುದು ಅವಳಿಗೆ ಸಲೀಸು. ಕಷ್ಟವಿರುವುದು ಕೊನೆಯಲ್ಲಿ. ಮೇಲಿನ ಅಂಚು ಒಂದು ಮೊಳ ದೂರ, ಕಾಲು ಎರಡನ್ನೂ ಬಿಟ್ಟು ಒಂದೇ ನೆಗೆತಕ್ಕೆ ಕೈ ಚಾಚಬೇಕು. ಸಿಕ್ಕರೆ ಸಿಕ್ಕಿತು. ಅವಳು ನೆಗೆದ ಕ್ಷಣಕ್ಕೆ ಸರಿಯಾಗಿ ವಿಶ್ವನಾಥನ ಜೇಬಿನಲ್ಲಿ ಫೋನು ಗುಂಯ್ ಎಂದಿತು. ಅವನು ಎತ್ತಲೂ ಇಲ್ಲ, ಬಗ್ಗಿ ಜೇಬು ನೋಡಿದ, ಅಷ್ಟೇ. ಅಷ್ಟರಲ್ಲಿ ಅವಳು ಹಾಸಿಗೆಯ ಆಚೆ ನೆಲದ ಮೇಲೆ ಬಿದ್ದಿದ್ದಳು. ಎಡಗೈ ಮಣಿಕಟ್ಟು ಮುರಿದಿತ್ತು. ನ್ಯಾನ್ಯುಕಿಯ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಹೊರಗೆ ಬಂದವಳು ಹೇಳಿದ್ದು ಒಂದೇ ಮಾತು: "ಪರವಾಗಿಲ್ಲ."

ಕೈ ಆರು ವಾರಕ್ಕೆ ಕೂಡಿಕೊಂಡಿತು. ಅವಳು ಮತ್ತೆ ಬಂಡೆ ಹತ್ತತೊಡಗಿದಳು, ಆದರೆ ಕೆಳಗೆ ನಿಲ್ಲುವ ಕೆಲಸ ಶಾಲೆಯ ಇನ್ನೊಬ್ಬ ಟೀಚರ್ ಮೇರಿಯ ಪಾಲಾಯಿತು. ವಿಶ್ವನಾಥ ಶನಿವಾರಗಳಂದು ಮನೆಯಲ್ಲಿ ಕೂತು ಫೋನು ಎತ್ತುತ್ತಿದ್ದ. ಈ ಜೂನ್‌ನಲ್ಲಿ ಮೇರಿಗೆ ದೂರದ ಕಿಸುಮುವಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿ ಅವಳು ಹೊರಟು ನಿಂತಳು. ಅಂದು ರಾತ್ರಿ ಊಟಕ್ಕೆ ಕೂತಾಗ ಶೈಲಜಾ ಸಾರು ಬಡಿಸುತ್ತಾ, "ಜುಲೈನಲ್ಲಿ ಗೂನಜ್ಜಿ ಹತ್ರ ಹೋಗೋಣ್ವಾ? ನೀವು ನಿಲ್ತೀರಾ?" ಎಂದಳು. ಅವನು ತಲೆಯೆತ್ತುವಷ್ಟರಲ್ಲಿ ಮುಂದಿನ ಮಾತನ್ನೂ ಆಡಿದಳು: "ಒಂದ್ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಬಂಡೆ ಹತ್ತೋದು ಬಿಟ್ಬಿಡ್ತೀನಿ ರೀ. ಜಿಮ್ ಗೋಡೆ ಸಾಕು ನಂಗೆ." ವಿಶ್ವನಾಥನಿಗೆ ಹೆದರಿಕೆ ಹುಟ್ಟಿದ್ದು ಆಗ.

ಮುಂದಿನ ಮಂಗಳವಾರ ಅವನು ಆಫೀಸಿನಿಂದ ನೆಟ್ಟಗೆ ಜಿಮ್ಮಿಗೆ ಹೋದ. ಅಲ್ಲಿ ಹೇಳಿಕೊಡುವ ಕೆವಿನ್ ಎಂಬವನ ಮುಂದೆ ನಿಂತು, ನನಗೆ ಹತ್ತುವುದು ಬೇಡ, ನಿಲ್ಲುವುದನ್ನು ಕಲಿಸಿ, ಎಂದ. ಕೆವಿನ್ ನಗಲಿಲ್ಲ. ಹತ್ತುವವರ ಮುಖ ನೋಡಬೇಡ, ಸೊಂಟ ನೋಡು, ಬೀಳುವುದು ಮೊದಲು ಸೊಂಟಕ್ಕೆ ಗೊತ್ತಾಗುತ್ತದೆ ಎಂದ. ಬೆರಳು ಅಗಲಿಸಬೇಡ, ಹೆಬ್ಬೆರಳು ಒಳಗಿರಲಿ, ಇಲ್ಲದಿದ್ದರೆ ಮುರಿಯುತ್ತದೆ ಎಂದೂ ಹೇಳಿದ. ಕೈ ಹೇಗಿರಬೇಕೆಂದು ತೋರಿಸಿದಾಗ ವಿಶ್ವನಾಥನಿಗೆ ತಟ್ಟನೆ ಹೊಳೆಯಿತು. ದೇವಸ್ಥಾನದಲ್ಲಿ ತೀರ್ಥಕ್ಕೆ ಒಡ್ಡುವ ಕೈ! ಅದು ಅವನಿಗೆ ಹುಟ್ಟಿದಾಗಿನಿಂದ ಅಭ್ಯಾಸ. ಐದು ಮಂಗಳವಾರ ಅಪರಿಚಿತರ ಕೆಳಗೆ ತೀರ್ಥದ ಕೈ ಒಡ್ಡಿ ನಿಂತ. ಶೈಲಜಾಗೆ ಮಾತ್ರ ಆಫೀಸಿನಲ್ಲಿ ಮೀಟಿಂಗು ಎಂದ. ಹೆಂಡತಿಗೆ ಹೇಳುವ ಸುಳ್ಳುಗಳಲ್ಲಿ ಇಷ್ಟು ಒಳ್ಳೆಯದು ಅಪರೂಪ.

ಹೊರಡುವ ಶನಿವಾರ ಬಂತು. ಜುಲೈ ಎಂದರೆ ಇಲ್ಲಿ ಚಳಿಗಾಲ. ನೈರೋಬಿಯ ಆಕಾಶ ಬೂದಿ ಬಳಿದುಕೊಂಡು ಕೂತಿರುತ್ತದೆ. ಆಫ್ರಿಕಾದಲ್ಲಿ ಸ್ವೆಟರ್ರಾ ಎಂದು ಬೆಂಗಳೂರಿನ ನೆಂಟರು ನಗುತ್ತಾರೆ. ಅವರನ್ನು ಒಂದು ರಾತ್ರಿ ನ್ಯಾನ್ಯುಕಿಯಲ್ಲಿ ಟೆಂಟಿನೊಳಗೆ ಮಲಗಿಸಬೇಕು. ವಿಶ್ವನಾಥ ಟವರುಗಳನ್ನು ಎರಡು ದಿನದ ಮಟ್ಟಿಗೆ ಆಫೀಸಿನ ಮೆಲ್ವಿನ್‌ಗೆ ವಹಿಸಿದ್ದ. ಮಂಗಳೂರಿನ ಮೆಲ್ವಿನ್, "ನೀವು ಆರಾಮಲ್ಲಿ ಹೋಗಿ ಬನ್ನಿ ಮಾರಾಯ್ರೆ, ಟವರ್ ಎಲ್ಲಿಗೂ ಓಡಿ ಹೋಗುದಿಲ್ಲ," ಎಂದು ಧೈರ್ಯ ಹೇಳಿದ್ದ.

ಸಾಮಾನು ಕಟ್ಟುವ ಕೆಲಸವನ್ನು ವಿಶ್ವನಾಥ ತಾನೇ ಮೇಲೆ ಹಾಕಿಕೊಂಡ. ಟೆಂಟು, ರಜಾಯಿ, ಗ್ಯಾಸಿನ ಒಲೆ, ಹೆಂಚು. ಪಂಗಾನಿಯ ಒಬ್ಬ ಫುಂಡಿ, ಅಂದರೆ ಕೈಕಸುಬಿನವನು, ಹಳೆಯ ಫೋಮ್ ಹಾಸಿಗೆ ಎರಡನ್ನು ಒಟ್ಟಿಗೆ ಸೇರಿಸಿ, ಲಾರಿಯ ಟಾರ್ಪಾಲಿನ್ನು ಹೊಲಿದು ಕೊಟ್ಟ ಆ ದಪ್ಪ ಹಾಸಿಗೆ. ಅದನ್ನು ಕಾರಿನ ತಲೆಯ ಮೇಲೆ ಕಟ್ಟುವಾಗ ವಾಚ್‌ಮನ್ನು, ಮನೆ ಖಾಲಿ ಮಾಡ್ತಿದೀರಾ ಎಂದು ಗಾಬರಿಯಾದ. ಕೊನೆಗೆ ಒಳಗೆ ಹೋಗಿ ಒಮ್ಮೆ ಕಣ್ಣಾಡಿಸಿದಾಗ ಊಟದ ಮೇಜಿನ ಮೇಲೆ ಶೈಲಜಾಳ ಬ್ಯಾಗಿನ ಪಕ್ಕ ಒಂದು ಹಳೆಯ ಐಸ್‌ಕ್ರೀಮ್ ಡಬ್ಬಿ ಕಂಡಿತು. ಮುಚ್ಚಳ ತೆಗೆದ. ಅರ್ಧ ಡಬ್ಬಿ ಬಿಳಿ ಹಿಟ್ಟು. ಅಕ್ಕಿ ರೊಟ್ಟಿಗೆ ಇಟ್ಟಿದ್ದಾಳೆ ಎಂದುಕೊಂಡ. ಪ್ರಯಾಣಕ್ಕೆ ಹೊರಡುವಾಗ ಅರ್ಧ ಡಬ್ಬಿ ಒಯ್ಯಬಾರದು, ತುಂಬಿದ ಡಬ್ಬಿಯೇ ಮನೆಯಿಂದ ಹೊರಗೆ ಹೋಗಬೇಕು ಎನ್ನುವುದು ಅವನಮ್ಮನ ಶಾಸ್ತ್ರ. ಅಡಿಗೆಮನೆಯಿಂದ ಅಕ್ಕಿ ಹಿಟ್ಟಿನ ಪೊಟ್ಟಣ ತಂದು ಬಾಯಿಮಟ್ಟ ಸುರಿದ. ಉದುರದಿರಲೆಂದು ಚಮಚದಲ್ಲಿ ಚೆನ್ನಾಗಿ ಕಲಸಿ, ಒತ್ತಿ, ಮುಚ್ಚಳ ಹಾಕಿದ. ಈ ಸಲ ಒಂದೂ ತಪ್ಪಾಗಬಾರದು ಎಂದು ಅವನು ಮನಸ್ಸಿನಲ್ಲಿ ಶಪಥ ಮಾಡಿದ್ದ.

ದಾರಿ ಖುಷಿಯಾಗಿಯೇ ಸಾಗಿತು. ಥೀಕಾ ರಸ್ತೆಯಲ್ಲಿ ಮಟಾಟು ವ್ಯಾನುಗಳು ಎಡಬಲ ನೋಡದೆ ನುಗ್ಗಿದವು, ವಿಶ್ವನಾಥ ಕನ್ನಡದಲ್ಲಿ ಬೈದ, ಶೈಲಜಾ ಸ್ವಾಹಿಲಿಯಲ್ಲಿ ಕೈಬೀಸಿದಳು. ಸಗಾನದಲ್ಲಿ ಅನಾನಸ್ ತಿಂದರು. ಕರಾಟಿನದ ಸಂತೆಯಲ್ಲಿ ಈರುಳ್ಳಿ, ಕೊತ್ತಂಬರಿ ಸೊಪ್ಪು ಕೊಂಡರು. ನ್ಯಾನ್ಯುಕಿ ದಾಟುವಾಗ ಮೋಡ ಸರಿದು ಮೌಂಟ್ ಕೀನ್ಯಾದ ಹಲ್ಲುಹಲ್ಲಾದ ತುದಿ ಬೆಳ್ಳಗೆ ಕಾಣಿಸಿಕೊಂಡಿತು. ಶೈಲಜಾ ಹಾಡು ಗುನುಗಿದಳು. ಅವಳು ಗುನುಗಿ ಎಷ್ಟು ದಿನವಾಗಿತ್ತು ಎಂದು ವಿಶ್ವನಾಥ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟ.

ನಾಲ್ಕು ಗಂಟೆಗೆ ರಾಂಚು ತಲುಪಿದರು. ಕಾವಲುಗಾರ ಪೀಟರ್ ಅವರ ಗುರುತು ಹಿಡಿದು, ಮಣಿಕಟ್ಟು ಹೇಗಿದೆ ಎಂದು ಮೊದಲು ಕೇಳಿದ. ಟೆಂಟು ಹೊಡೆಯುವ ಮೊದಲು ಶೈಲಜಾ, ಒಮ್ಮೆ ಮುಟ್ಟಿ ನೋಡ್ತೀನಿ ಎಂದು ಬಂಡೆಯ ಬುಡಕ್ಕೆ ನಡೆದಳು. ವಿಶ್ವನಾಥ ಹಾಸಿಗೆ ಹಾಸಿದ. ಅವಳು ಬ್ಯಾಗಿನಿಂದ ಐಸ್‌ಕ್ರೀಮ್ ಡಬ್ಬಿ ತೆಗೆದು, ಎರಡೂ ಕೈ ಒಳಗಿಟ್ಟು ಉಜ್ಜಿಕೊಂಡು, ಬಂಡೆ ಹಿಡಿದಳು. ನೆಲದಿಂದ ಎರಡಡಿ ಏರುವಷ್ಟರಲ್ಲಿ ಕೈ ಜಾರಿ ಸುಮ್ಮನೆ ಕೆಳಗಿಳಿದಳು. ಅಂಗೈ ನೋಡಿಕೊಂಡಳು. ಮೂಸಿದಳು. ಬೆವರಿಗೆ ಅದು ಕಲಸಿಕೊಂಡು ಅಂಟಾಗಿತ್ತು.

"ರೀ, ಇದಕ್ಕೇನು ಹಾಕಿದ್ರಿ?"

ಕೈ ಬೆವರದಿರಲಿ ಎಂದು ಬಂಡೆ ಹತ್ತುವವರು ಹಚ್ಚಿಕೊಳ್ಳುವ ಚಾಕ್ ಪುಡಿ ಆ ಡಬ್ಬಿಯಲ್ಲಿತ್ತು. ರೊಟ್ಟಿಯ ಹಿಟ್ಟನ್ನು ಅವಳು ಸ್ಟೀಲಿನ ಡಬ್ಬಿಯಲ್ಲಿ ಬೇರೆಯೇ ಕಟ್ಟಿದ್ದಳು. ವಿಶ್ವನಾಥ ವಿಷಯ ಹೇಳಿದ; ಅಮ್ಮನ ಶಾಸ್ತ್ರವನ್ನೂ ಸೇರಿಸಿ ಹೇಳಿದ, ಅದರಿಂದೇನೂ ಉಪಯೋಗವಾಗಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆ. ಆ ಡಬ್ಬಿ ಈಗ ಅತ್ತ ಬಂಡೆಗೂ ಇಲ್ಲ, ಇತ್ತ ರೊಟ್ಟಿಗೂ ಇಲ್ಲ. ಶೈಲಜಾ ಕೈ ಒರೆಸಿಕೊಂಡು ದೂರದ ಬೆಟ್ಟ ನೋಡಿದಳು.

"ಪರವಾಗಿಲ್ಲ," ಎಂದಳು.

ಅದೇ ಮಾತು, ಅದೇ ದನಿ. ವಿಶ್ವನಾಥ ಟೆಂಟು ಹೊಡೆದ, ಗೂಟಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿದ.

ಸಂಜೆ ಪೀಟರ್ ಕೊಟ್ಟುಹೋದ ಸೌದೆಯಲ್ಲಿ ಬೆಂಕಿ ಹಾಕಿ ಕೂತರು. ಶೈಲಜಾ ಹೆಂಚಿನ ಮೇಲೆ ರೊಟ್ಟಿ ತಟ್ಟಿದಳು. ಈರುಳ್ಳಿ, ಹಸಿಮೆಣಸು ಬೇಯುವ ಪರಿಮಳ ಆ ಚಳಿಯಲ್ಲಿ ಇನ್ನಷ್ಟು ಚೆನ್ನಾಗಿತ್ತು. ಆದರೂ ವಿಶ್ವನಾಥ ಎರಡನೇ ರೊಟ್ಟಿಯನ್ನು ಅರ್ಧಕ್ಕೇ ಕೆಳಗಿಟ್ಟ.

"ಶೈಲಾ, ಪರವಾಗಿಲ್ಲ ಅನ್ಬೇಡ ಕಣೇ. ಬೈದ್ಬಿಡು."

"ಹಿಟ್ಟಿಗಾ?"

"ಎಲ್ಲಾದಕ್ಕೂ. ಎರಡು ವರ್ಷದ ಹಿಂದಿಂದೂ ಸೇರಿಸಿ."

ಅವಳು ರೊಟ್ಟಿ ಮಗುಚಿದಳು. ಬೆಂಕಿಯ ಬೆಳಕಿನಲ್ಲಿ ಅವಳ ಮುಖದಲ್ಲಿ ಕೋಪವೇನೂ ಕಾಣಲಿಲ್ಲ, ದಣಿವಿತ್ತು.

"ಬೈಯೋಕೆ ಏನಿಲ್ಲ ರೀ. ಕೈ ಮುರೀತು, ಸರಿಹೋಯ್ತು. ಆದ್ರೆ ಬೀಳೋವಾಗ ನಾನು ಕೆಳಗೆ ನೋಡ್ದೆ. ನೀವು ಜೇಬು ನೋಡ್ತಾ ಇದ್ರಿ. ಅದೊಂದು ಕಣ್ಣಿಂದ ಹೋಗ್ತಾನೇ ಇಲ್ಲ. ನೀವು ಕೆಳಗಿದೀರಿ ಅಂದ್ರೆ ನಾನು ಹೆಜ್ಜೆಹೆಜ್ಜೆಗೂ ಬಗ್ಗಿ ನೋಡೋದೇ ಆಗುತ್ತೆ. ಕೆಳಗೆ ನೋಡೋರಿಗೆ ಮೇಲಿನ ಅಂಚು ಸಿಗಲ್ಲ."

"ಮೇರಿ ನಿಂತಾಗ?"

"ಮೇರಿ ನಿಂತಾಗ ನೋಡಲ್ಲ."

ಈ ಮಾತು ವಿಶ್ವನಾಥನಿಗೆ ನಾಟಿತು. ಬೈಗುಳವಾಗಿದ್ದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಬಹುದಿತ್ತು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಹೆಂಡತಿ ನೆಚ್ಚಿಕೊಳ್ಳುವುದು ಸ್ಟಾಫ್ ರೂಮಿನ ಗೆಳತಿಯನ್ನು, ತನ್ನನ್ನಲ್ಲ. ಅವನಿಗೆ ನಾಚಿಕೆಯಾಯಿತು. ಐದು ಮಂಗಳವಾರಗಳ ಸುದ್ದಿ ನಾಲಗೆ ತುದಿಗೆ ಬಂತು, ಆದರೆ ಈಗ ಹೇಳಿದರೆ ಅದು ನೆಪ ಹೇಳಿದಂತೆ ಕೇಳಿಸುತ್ತದೆ ಎಂದು ನುಂಗಿಕೊಂಡ.

ಅಷ್ಟರಲ್ಲಿ ಇನ್ನೊಂದು ಹೊರೆ ಸೌದೆ ತಂದ ಪೀಟರ್‌ಗೆ ಶೈಲಜಾ ಒಂದು ರೊಟ್ಟಿ ಕೊಟ್ಟು, ಪುಡಿಯ ಕಥೆಯನ್ನೂ ಹೇಳಿದಳು. ಅವನು ಮನಸಾರೆ ನಕ್ಕ. "ಪುಡಿ ಯಾಕಮ್ಮ? ಬೆಳಗ್ಗೆ ಆರೂವರೆಗೆ ಬನ್ನಿ. ಆ ಚಳೀಲಿ ಯಾರ ಕೈ ಬೆವರುತ್ತೆ? ಒಂಬತ್ತಕ್ಕೆ ಬಂಡೆಗೆ ಬಿಸಿಲು ಬೀಳುತ್ತೆ, ಅಷ್ಟರೊಳಗೆ ಮುಗಿಸಿಬಿಡಿ," ಎಂದ. ಶೈಲಜಾ ಹಣೆ ಚಚ್ಚಿಕೊಂಡಳು. ತಣ್ಣಗಿರುವ ಕಲ್ಲು ಕೈಯನ್ನು ಕಚ್ಚಿ ಹಿಡಿಯುತ್ತದೆ ಎಂದೇ ಹತ್ತುವವರು ಚಳಿಗಾಲ ಕಾಯುತ್ತಾರೆ. ಇಷ್ಟು ವರ್ಷ ಹತ್ತಿದ ಅವಳಿಗೆ ಬೇಸರದಲ್ಲಿ ಅದೇ ಮರೆತುಹೋಗಿತ್ತು. "ಅಸಾಂಟೆ ಸಾನಾ, ಪೀಟರ್," ಎಂದು ಸ್ವಾಹಿಲಿಯಲ್ಲಿ ಥ್ಯಾಂಕ್ಸ್ ಹೇಳಿ ಅವನಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಬೆಳಗ್ಗೆ ಟೆಂಟಿನ ಮೇಲೆ ಇಬ್ಬನಿ ಗಟ್ಟಿಯಾಗಿತ್ತು. ಬಾಯಿಂದ ಹೊಗೆ ಬರುತ್ತಿತ್ತು. ಶೈಲಜಾ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬೆರಳು ಕಾಯಿಸಿಕೊಳ್ಳುವಾಗ ವಿಶ್ವನಾಥ ಜೇಬಿನಿಂದ ಫೋನು ತೆಗೆದ. ಸಿಗ್ನಲ್ಲು ಭರ್ತಿ ಇತ್ತು. ಇರಲೇಬೇಕು, ಆಚೆ ದಿಣ್ಣೆಯ ಮೇಲಿನ ಟವರು ಅವನೇ ಮುಂದೆ ನಿಂತು ಹಾಕಿಸಿದ್ದು. ಆರಿಸಬಹುದಿತ್ತು, ಆದರೆ ಹದಿನಾರು ವರ್ಷದಲ್ಲಿ ಆ ಗುಂಡಿ ಒತ್ತಿಯೇ ಅಭ್ಯಾಸವಿಲ್ಲ. ಸುತ್ತ ನೋಡಿದ. ಐಸ್‌ಕ್ರೀಮ್ ಡಬ್ಬಿ ಕಣ್ಣಿಗೆ ಬಿತ್ತು. ಫೋನನ್ನು ಹಿಟ್ಟಿನೊಳಗೆ ಹೂತು, ಮುಚ್ಚಳ ಒತ್ತಿ, ಡಬ್ಬಿಯನ್ನು ಕಾರಿನ ಬಾನೆಟ್ಟಿನ ಮೇಲಿಟ್ಟ.

"ಹಾಳಾಗುತ್ತೆ ರೀ ಫೋನು!"

"ಆಗ್ಲಿ. ಆ ಹಿಟ್ಟು ಯಾವುದಕ್ಕಾದ್ರೂ ಉಪಯೋಗಕ್ಕೆ ಬರ್ಲಿ."

ಶೈಲಜಾ ಬಂಡೆಗೆ ಹೋಗಿ ಹಿಡಿದು ನೋಡಿದಳು. ಕಲ್ಲು ನಿಜಕ್ಕೂ ಕೈ ಕಚ್ಚಿ ಹಿಡಿಯುತ್ತಿತ್ತು. ಹತ್ತಿದಳು. ವಿಶ್ವನಾಥ ಕಾಲು ಅಗಲಿಸಿ ನಿಂತು, ಕೈಯೆತ್ತಿ, ಅವಳ ಸೊಂಟದ ಮೇಲೆ ಕಣ್ಣಿಟ್ಟ. ಅವಳು ನಾಲ್ಕು ಹೆಜ್ಜೆಗೆ ನಾಲ್ಕು ಸಲವೂ ಬಗ್ಗಿ ನೋಡಿದಳು. ಗೂನಿನ ಹತ್ತಿರ ಹೋಗಿ ತಡೆದು ನಿಂತು, ಐದನೇ ಸಲ ನೋಡಿ, ಹಾಗೇ ಇಳಿದು ಬಂದುಬಿಟ್ಟಳು. "ಇನ್ನೊಂದ್ಸಲ," ಎಂದಳು, ತನಗೇ ಎಂಬಂತೆ.

ಎರಡನೇ ಸಲ ಗೂನಿನವರೆಗೆ ಹೋದಳು. ಬಗ್ಗಿ ನೋಡಿದಳು. ನೆಗೆದಳು. ನೋಡುತ್ತಲೇ ನೆಗೆದದ್ದರಿಂದ ಕೈ ಒಂದು ಗೇಣು ಈಚೆಗೇ ಉಳಿಯಿತು. ಬೀಳುವುದು ಮೊದಲು ಸೊಂಟಕ್ಕೆ ಗೊತ್ತಾಯಿತು, ಮರುಕ್ಷಣ ವಿಶ್ವನಾಥನಿಗೆ. ಒಂದು ಹೆಜ್ಜೆ ಬಲಕ್ಕೆ ಸರಿದು, ಅವಳ ಪಕ್ಕೆಗಳಿಗೆ ಕೈ ಕೊಟ್ಟು, ಬೀಳುವ ಭಾರವನ್ನು ಹಾಸಿಗೆಯ ನಡುವಿಗೆ ತಿರುಗಿಸಿದ. ಅವಳು ಬೆನ್ನು ಕೆಳಗಾಗಿ ಧೊಪ್ಪೆಂದು ಬಿದ್ದಳು, ಅವನು ಅವಳ ಪಕ್ಕದಲ್ಲಿ ಮಂಡಿಯೂರಿ ಬಿದ್ದ. ಪಂಗಾನಿಯ ಹೊಲಿಗೆ ಗಟ್ಟಿಯಾಗಿತ್ತು.

ಅವಳಿಗೆ ಏನೂ ಆಗಿರಲಿಲ್ಲ. ಮಲಗಿದಲ್ಲಿಂದಲೇ ಅವನ ಕೈಗಳನ್ನು ಹಿಡಿದು ತಿರುಗಿಸಿ ನೋಡಿದಳು.

"ಹೆಬ್ಬೆರಳು ಒಳಗಿಟ್ಕೊಂಡಿದ್ರಿ."

"ಹೂಂ."

"ನಾನು ಹೇಳ್ಕೊಟ್ಟಿರ್ಲಿಲ್ಲ. ಯಾರು ಹೇಳ್ಕೊಟ್ರು?"

"ಕೆವಿನ್," ಎಂದ ವಿಶ್ವನಾಥ. "ಮಂಗಳವಾರದ ಮೀಟಿಂಗು."

ಶೈಲಜಾ ಎದ್ದು ಕೂತು ಅವನ ಮುಖ ನೋಡಿದಳು. ಆಮೇಲೆ ನಕ್ಕಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡಳು. "ಐದು ವಾರ ನಾನು ನಿಮಗೆ ಬಿಸಿ ಬಿಸಿ ಊಟ ಎತ್ತಿಟ್ಟೆ. ಪಾಪ, ಆಫೀಸಲ್ಲಿ ಸುಸ್ತಾಗಿರ್ತಾರೆ ಅಂತ!" ಎಂದು ಅವನ ಭುಜಕ್ಕೆ ಒಂದು ಗುದ್ದಿದಳು. ಎರಡು ವರ್ಷದ ಮೇಲೆ ಬಿದ್ದ ಮೊದಲ ಬೈಗುಳ. ವಿಶ್ವನಾಥನಿಗೆ ಅದು ಸಿಹಿ ತಿಂದಷ್ಟು ಹಿತವಾಯಿತು.

ಎಂಟೂವರೆಗೆ ಬಿಸಿಲು ಆಚೆ ಹುಲ್ಲಿನವರೆಗೆ ಬಂದಿತ್ತು. ಬಂಡೆಗೆ ಬರಲು ಇನ್ನು ಅರ್ಧ ಗಂಟೆ. ಪೀಟರ್ ದೂರದಲ್ಲಿ ಕಲ್ಲಿನ ಮೇಲೆ ಕೂತು ನೋಡುತ್ತಿದ್ದ. ಶೈಲಜಾ ಬೆರಳುಗಳಿಗೆ ಬಾಯಿಂದ ಬಿಸಿಯೂದಿಕೊಂಡು ಮೂರನೇ ಸಲ ಬಂಡೆ ಹಿಡಿದಳು. ವಿಶ್ವನಾಥ ಕೈಯೆತ್ತಿದ. ಒಂದು ಹೆಜ್ಜೆ ಆಯಿತು. ಎರಡಾಯಿತು. ಮೂರನೆಯದಕ್ಕೆ ಅವನಿಗೆ ಏನೋ ಬೇರೆಯಾಗಿದೆ ಅನ್ನಿಸಿತು, ಏನೆಂದು ತಿಳಿಯಲಿಲ್ಲ. ನಾಲ್ಕನೆಯದಕ್ಕೆ ತಿಳಿಯಿತು. ಅವಳು ಕೆಳಗೆ ನೋಡಿರಲಿಲ್ಲ. ಅವನಿಗೆ ಎದೆ ತುಂಬಿ ಬಂತು. ಅಳುವುದಕ್ಕೆ ಇದು ಹೊತ್ತಲ್ಲ ಎಂದು ಸೊಂಟದಿಂದ ಕಣ್ಣು ತೆಗೆಯದೆ ನಿಂತ.

ಆಗಲೇ ಬಾನೆಟ್ಟಿನ ಮೇಲೆ, ಹಿಟ್ಟಿನೊಳಗಿನಿಂದ, ಡಬ್ಬಿ ಗುಂಯ್‌ಗುಟ್ಟತೊಡಗಿತು. ತಗಡಿನ ಮೇಲೆ ಡಬ್ಬಿ ನಡುಗುವ ಸದ್ದು ಅವನಿಗೂ ಕೇಳಿಸಿತು, ಮೇಲಿದ್ದ ಅವಳಿಗೂ ಕೇಳಿಸಿತು. ಗೂನಿನ ಹತ್ತಿರ ಅವಳು ತಡೆದು ನಿಂತಳು. ಒಂದು ಸಲ ಬಡಿದುಕೊಂಡಿತು, ಎರಡು ಸಲ, ಮೂರನೇ ಸಲ. ಅವಳು ಬಗ್ಗಿ ನೋಡಲಿಲ್ಲ. ಎರಡೂ ಕಾಲು ಬಿಟ್ಟು ನೆಗೆದಳು.

ಬಲಗೈ ಅಂಚಿಗೆ ಸಿಕ್ಕಿತು. ಆಮೇಲೆ ಎಡಗೈ, ಆ ಮುರಿದು ಕೂಡಿದ ಕೈ. ಮೊಣಕೈ, ಎದೆ, ಮಂಡಿ ಎಲ್ಲ ಒಂದೊಂದಾಗಿ ಅಂಚಿನಾಚೆ ಹೋದವು, ಮತ್ತೆ ಏನೂ ಕಾಣಲಿಲ್ಲ. ಪೀಟರ್ ಶಿಳ್ಳೆ ಹಾಕಿದ. ಸ್ವಲ್ಪ ಹೊತ್ತಿಗೆ ಅಂಚಿನಿಂದ ಶೈಲಜಾಳ ಮುಖ ಇಣುಕಿತು. ಕೂದಲು ಕೆದರಿತ್ತು, ಮೂಗು ಚಳಿಗೆ ಕೆಂಪಾಗಿತ್ತು. ಕೆಳಗೆ ಗಂಡ ಇನ್ನೂ ಹಾಗೇ ನಿಂತಿದ್ದ.

"ರೀ, ಕೈ ಇಳಿಸ್ರೀ. ಮೇಲೆ ಬಂದಾಯ್ತು."

"ನೀನು ಕೆಳಗೆ ಬಾ. ಆಮೇಲೆ ಇಳಿಸ್ತೀನಿ."

"ಹಿಂದ್ಗಡೆ ಮೆಟ್ಟಿಲ ಥರ ಇದೆ, ಅಲ್ಲಿಂದ ನಡ್ಕೊಂಡು ಬರ್ತೀನಿ. ಫೋನ್ ಹೊಡ್ಕೊಳ್ತಿದೆ, ನೋಡಿ."

"ಹೊಡ್ಕೊಳ್ಲಿ," ಎಂದ ವಿಶ್ವನಾಥ. ಡಬ್ಬಿ ಒಂಬತ್ತನೇ ಸಲ ನಡುಗಿ ಸುಮ್ಮನಾಯಿತು. ಅವಳು ಹಿಂದಿನ ದಾರಿಯಲ್ಲಿ ಇಳಿದು, ಬಂಡೆ ಸುತ್ತಿ ಬಂದು, ಎದುರಿಗೆ ನಿಂತು, ತನ್ನೆರಡೂ ಕೈಯಿಂದ ಅವನ ಕೈಗಳನ್ನು ಹಿಡಿದು ಇಳಿಸುವವರೆಗೂ ಅವನು ಹಾಗೇ ನಿಂತಿದ್ದ.